ಬಿಳಿ ಗುಂಡಿ

ಅಕ್ಟೋಬರಿನ ಕೊನೆಯ ಭಾನುವಾರ, ಸಾಂತರೇಮಿನಲ್ಲಿ
ನದಿ ಇಳಿದು ದೋಣಿಗಳು ಕೆಸರಿಗೆ ಹೊಟ್ಟೆ ಹಚ್ಚಿದ್ದವು.
ಶಾಲೆಯ ಗೇಟಿನವರೆಗೂ ಚೀಟಿಗಳ ಹಾಸು,
ಅಭ್ಯರ್ಥಿಗಳ ಮುಖ ಅಚ್ಚಾದ ಚೀಟಿ.
ಪುಟ್ಟ ಸಂತರು ಅನ್ನುತ್ತಾರೆ ಅವಕ್ಕೆ ನಮ್ಮ ಕಡೆ.
ಸಂತರನ್ನು ಒಪ್ಪದ ಸಭೆಯವಳು ನಾನು,
ಆದರೂ ನಗುವ ಮುಖದ ಮೇಲೆ ಕಾಲಿಡಲು ಒಂಥರಾ ಆಯಿತು.
ಒಬ್ಬ ಚಪ್ಪಲಿಗೆ ಅಂಟಿಕೊಂಡ. ಕೆರೆದು ತೆಗೆದೆ.

ಎರಡನೇ ಸುತ್ತಿಗೆ ಉಳಿದವರು ಇಬ್ಬರೇ.
ಒಬ್ಬ ಈಗಿನ ಮೇಯರ್, ಆಸ್ಪತ್ರೆ ದೋಣಿಯ ಡೀಸೆಲ್ ಕುಡಿದವನು.
ಆ ದೋಣಿ ದಡ ಬಿಡದ ರಾತ್ರಿ
ನೀರಾಚೆಯ ಊರಲ್ಲಿ ನನ್ನ ಸೊಸೆ ಇವೋನಿ ನರಳಿ ನರಳಿ
ಬದುಕಿ ಬಂದಳು. ಮಗು ಬರಲಿಲ್ಲ.
ನಾನೊಬ್ಬಳೇ ಗುಟ್ಟಾಗಿ ಇಟ್ಟ ಹೆಸರೊಂದಿದೆ ಅದಕ್ಕೆ;
ಇಲ್ಲಿ ಬರೆಯುವುದಿಲ್ಲ.

ಇನ್ನೊಬ್ಬ ಕಾಸು ಮುಟ್ಟಿದವನಲ್ಲ.
ಮೇಜಿನ ಮೇಲೆ ಸತ್ಯವೇದ, ಬಾಯಲ್ಲಿ ಕರ್ತನ ನಾಮ.
ಡೋಲು ಬಡಿಯುವ ಮನೆಗಳಲ್ಲಿ ದೆವ್ವ ಕೂತಿದೆ,
ಗುಡಿಸಿ ಹಾಕುತ್ತೇನೆ ಅಂದ, ಒಂದು ಶುಕ್ರವಾರ.
ಶನಿವಾರ ರಾತ್ರಿ ಪಕ್ಕದ ಲಿಂಡಾಲ್ವಳ ಡೋಲಿನ ಮನೆ ಉರಿಯಿತು.
ಅವನು ಕಡ್ಡಿ ಗೀರಲಿಲ್ಲ, ನಿಜ.
ಬೆಳಗ್ಗೆ ನಾನು ಬಕೆಟ್ ಹಿಡಿದು ಹೋದಾಗ ಆರಿಸಲು ಬೆಂಕಿಯೇ ಇರಲಿಲ್ಲ,
ಅವಳು ಬೂದಿಯೊಳಗೆ ಕೂತು ನೀಲಿ ಮಣಿ ಹೆಕ್ಕುತ್ತಿದ್ದಳು.

ಸಭಾಪಾಲಕ ಅದೆಮಾರ್ ಮೈಕಿನಲ್ಲಿ ಹೇಳಿದರು:
ಕರ್ತನಿಗೆ ಹೆದರುವವನಿಗೇ ನಿಮ್ಮ ಬೆರಳು.
ಆಮೆನ್ ಅಂದಿತು ಸಭೆ.
ನನ್ನ ಬಾಯೂ ಅಂದುಬಿಟ್ಟಿತು, ಅಭ್ಯಾಸಬಲ.

ರಟ್ಟಿನ ಮರೆಯ ಹಿಂದೆ ಯಂತ್ರ.
ಹಸಿರೆಂದರೆ ಖಚಿತ. ಕಿತ್ತಳೆಯೆಂದರೆ ತಿದ್ದು.
ಬಿಳಿ, ಯಾರಿಗೂ ಇಲ್ಲ.
ಗುಂಡಿಯಲ್ಲವೇ, ಆಳ ಬಿದ್ದವರಿಗೇ ಗೊತ್ತು.
ಬಿಳಿಯ ಮೇಲೆ ಬೆರಳಿಟ್ಟೆ.
ತಣ್ಣಗಿತ್ತು, ಬೋಗುಣಿಯ ನೀರಿನ ಹಾಗೆ,
ಆಗ ನೆನಪಾದ ಪಿಲಾತ.
ಎಷ್ಟು ಚೆನ್ನಾಗಿ ತೊಳೆದುಕೊಂಡಿದ್ದ ಕೈ!
ಮೂವತ್ತು ವರ್ಷ ಮಕ್ಕಳಿಗೆ ಆ ಪಾಠ ಹೇಳಿದವಳು ನಾನೇ.
ಬೆರಳು ತೆಗೆದೆ.
ಕಳ್ಳನ ಅಂಕಿಯತ್ತ ಸರಿಸಿದರೆ
ಅಲ್ಲಿ ಕೂತಿದ್ದ ಕಾಯಫ, ಲೆಕ್ಕದ ಪುಸ್ತಕ ತೆರೆದು:
ಊರು ಉಳಿಯಲು ಒಂದು ಜೀವ ಹೋದರೆ ನಷ್ಟವೇನಮ್ಮ?
ಅದೇ ವಾರದ ಇಬ್ಬರು ಗಂಡಸರು.
ಒಬ್ಬ ಕೈ ತೊಳೆದ, ಒಬ್ಬ ಕೂಡಿ ಕಳೆದ.
ಶಿಲುಬೆ ಮಾತ್ರ ಒಂದೇ.

ಕರ್ತನೇ, ಇನ್ನೊಂದು ಗುಂಡಿ ಎಲ್ಲಿ ಅಂತ ಕೇಳಿದೆ.
ಹೊರಗೆ ಮೇಜಿನ ಹುಡುಗ ಕೆಮ್ಮಿದ.
ಬೂದಿಯೊಳಗಿನ ಕೈ ಕಂಡಿತು.
ಎರಡಂಕಿ ಒತ್ತಿದೆ. ಕಳ್ಳನ ಮುಖ ಮೂಡಿತು, ಹಲ್ಲು ಬಿಟ್ಟುಕೊಂಡು.
ತಿದ್ದು ಅನ್ನುವ ಗುಂಡಿ ಅಲ್ಲೇ ಇತ್ತು.
ಹಸಿರು ಒತ್ತಿದೆ.
ಪಿರಿಲಿಲಿಂ ಅಂತು ಯಂತ್ರ,
ಕೂಸಿನ ಗಿಲಕಿಯ ಹಾಗೆ.

ಪಾಪವಲ್ಲ ಅನ್ನಲಾರೆ.
ಮೀನು ಸೀಳಿ ಮಾರುವವಳು, ನನಗೆ ಗೊತ್ತು
ನಿಂಬೆ ಎಷ್ಟು ತಿಕ್ಕಿದರೂ
ನಾತ ಉಗುರಿನ ಸಂದಿಗೆ ಹೋಗಿ ಕೂರುತ್ತದೆ.

ಸಂಜೆ ಬೇಲಿಯ ಹತ್ತಿರ ಲಿಂಡಾಲ್ವ ಬಂದಳು.
ಬಿಳಿ ಒತ್ತಿ ಬಂದೆ, ಜುಸೆಲೀನಾ.
ಕಳ್ಳನಿಗೇ ಹಾಕೋಣ ಅಂತ ಹೋಗಿದ್ದೆ,
ನಿನ್ನ ಮೊಮ್ಮಗು ಅಡ್ಡ ಬಂತು.
ನಾನು ಏನು ಒತ್ತಿದೆನೆಂದು ಅವಳು ಕೇಳಲಿಲ್ಲ.
ನಾನು ಹೇಳಲಿಲ್ಲ.
ಕೆಳಗೆ ತಪಜೋಸಿನ ಹಸಿರು ನೀರು, ಅಮೆಜಾನಿನ ಕೆಂಪು ನೀರು
ಮೈಗೆ ಮೈ ತಾಗಿಸಿಕೊಂಡು ಬೆರೆಯದೆ ಹೋಗುತ್ತಿದ್ದವು.

ಗೆದ್ದವನು ನನ್ನವನೇ. ನನ್ನವನು!
ಮಂಗಳವಾರ ಮೀನಿನ ಬುಟ್ಟಿ ಸೊಸೆಗೆ ಕೊಟ್ಟು
ಪುರಸಭೆಯ ಮೆಟ್ಟಿಲು ಹತ್ತಿದೆ.
ಆಸ್ಪತ್ರೆ ದೋಣಿಯ ಡೀಸೆಲಿನ ಲೆಕ್ಕ ಎಲ್ಲಿದೆ?
ಗುಮಾಸ್ತ ತಲೆಯೆತ್ತದೆ ಕೇಳಿದ, ನೀವು ಯಾರು?
ನಿಮ್ಮ ಸಾಹೇಬನಿಗೆ ವೋಟು ಹಾಕಿದವಳು, ಅಂದೆ.
ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.
ಕೂತಿರಿ ಅಂದ.
ಕೂತಿದ್ದೇನೆ.